ಹಚ್ಚೋ ಮುಂಚೆ ಒಂದು ಫೋನ್ ಮಾಡು

ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಗ್ಯಾಸ್ ಸಿಲಿಂಡರ್ ಇಡುವ ಮೂಲೆಯ ಗೋಡೆ ಮೇಲೆ ನಾಲ್ಕು ಸಾಲು ಸುಣ್ಣದ ಚುಕ್ಕೆಗಳಿದ್ದವು. ಹೊಸದಾಗಿ ಸೇರಿದವರು ಯಾರೋ ರಂಗೋಲಿ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದಾರೆ ಅಂದುಕೊಳ್ಳುತ್ತಿದ್ದರು. ಹಾಲಿನ ಲೆಕ್ಕಕ್ಕೆ ನಮ್ಮಜ್ಜಿ ಬಾಗಿಲ ಪಕ್ಕ ಇಡುತ್ತಿದ್ದ ಚುಕ್ಕೆಗಳ ಹಾಗೇ ಇದ್ದವು. ಆದರೆ ಇದು ಹಾಲಿನ ಲೆಕ್ಕವಲ್ಲ. ಒಂದು ಚುಕ್ಕೆ ಅಂದರೆ ಒಂದು ದಿನ ಸೇದಿಲ್ಲ ಅಂತ. ಮೂವತ್ತು ಚುಕ್ಕೆಗೊಂದು ಗೀಟು. ಎಡಗಡೆಯಿಂದ ಎರಡನೇ ಸಾಲು ನನ್ನದು.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನವಿಡೀ ಮೈಕ್ರೋಮೀಟರ್ ಹಿಡಿದು ಕೂದಲೆಳೆಗಿಂತ ಸಣ್ಣ ತಪ್ಪು ಹುಡುಕುವುದು ನನ್ನ ಕೆಲಸ. ಡಿಪ್ಲೊಮಾ ಓದುವಾಗ 19ನೇ ವಯಸ್ಸಿಗೆ ಸಿಗರೇಟು ಹಿಡಿದೆ. ಬಿಡುವ ಹೊತ್ತಿಗೆ ದಿನಕ್ಕೆ ಹದಿನಾಲ್ಕು ಆಗುತ್ತಿತ್ತು. ಯಾಕೆ ಶುರು ಮಾಡಿದೆ ಅನ್ನುವ ಕಥೆಯಲ್ಲಿ ಹೊಸದೇನೂ ಇಲ್ಲ, ಎಲ್ಲರ ಹಾಸ್ಟೆಲ್ ಕಥೆಯೇ. ಅದನ್ನಿಲ್ಲಿ ಹೇಳಲ್ಲ.

ಆದರೆ ನಿಜವಾಗಿ ನೋಡಿದರೆ ನಿಕೋಟಿನ್ ನನ್ನ ಮೈಗೆ ಸೇರಿದ್ದು ಅದಕ್ಕೂ ಎಷ್ಟೋ ಮುಂಚೆ. ನಮ್ಮೂರು ಪಿರಿಯಾಪಟ್ಟಣ ತಾಲೂಕಿನಲ್ಲಿದೆ. ಆ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಸುತ್ತಮುತ್ತ ಮುಂಗಾರು ಅಂದರೆ ಹೊಗೆಸೊಪ್ಪು. ಅಪ್ಪನ ಹೆಸರಲ್ಲಿ ಸೊಪ್ಪು ಬೇಯಿಸುವ ಒಂದು ಬ್ಯಾರನ್‌ಗೆ ತಂಬಾಕು ಮಂಡಳಿಯ ಲೈಸೆನ್ಸ್ ಇದೆ. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲ್‌ಗೆ ಏನು ರೇಟು ಬಿತ್ತು ಅನ್ನುವುದರ ಮೇಲೆ ನಮ್ಮ ಮನೆಯ ದೀಪಾವಳಿ ನಿಂತಿರುತ್ತಿತ್ತು. ನನ್ನ ಕಾಲೇಜು ಫೀಸು ಕಟ್ಟಿದ್ದು ಹೊಗೆಸೊಪ್ಪು. ತಂಗಿ ಮದುವೆ ಮಾಡಿದ್ದು ಹೊಗೆಸೊಪ್ಪು. ಹಾಗಾಗಿ ಹೊಗೆಸೊಪ್ಪು ಹಾಳು, ವಿಷ ಅಂತ ಬೈಯುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಸಣ್ಣವನಿದ್ದಾಗ ಸ್ಕೂಲಿಗೆ ಹೋಗುವ ಮುಂಚೆ ಸೊಪ್ಪು ಮುರಿಯೋಕೆ ಹೋಗುತ್ತಿದ್ದೆವು. ಜುಲೈ ತಿಂಗಳ ಜಡಿಮಳೆ, ಎಲೆಯೆಲ್ಲ ಒದ್ದೆ. ಅಂಗಿ ನೆನೆದು ಮೈಗೆ ಅಂಟಿಕೊಳ್ಳುತ್ತಿತ್ತು. ಒಂದು ಗಂಟೆ ಕಳೆಯುವುದರಲ್ಲಿ ತಲೆ ತಿರುಗಿ, ಹೊಟ್ಟೆ ತೊಳಸಿ, ಬದುವಿನ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದೆ. ಖಾಲಿ ಹೊಟ್ಟೇಲಿ ಬಂದಿದ್ದಕ್ಕೆ ಹಿಂಗಾಯ್ತು ಅಂತ ಅಮ್ಮ ಬೈಯುತ್ತಿದ್ದಳು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಕೈಗೆ ಮೆತ್ತಿದ ಅಂಟು ಕಪ್ಪಗಾಗಿ, ಸೋಪಿಗೂ ಬಗ್ಗುತ್ತಿರಲಿಲ್ಲ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆಯೂ ಕಹಿ.

ನಮ್ಮ ಕಡೆ ಬೆಳೆಯುವುದು ಸಿಗರೇಟಿಗೆ ಹೋಗುವ ಸೊಪ್ಪು. ಬೀಡಿ ಸೊಪ್ಪು ನಿಪ್ಪಾಣಿ ಕಡೆಯದು. ಅಪ್ಪ ಮಾತ್ರ ಜೀವನಪೂರ್ತಿ ಸೇದಿದ್ದು ಬೀಡಿಯೇ. ಸಿಗರೇಟು ಕೊಂಡು ಸೇದುವಷ್ಟು ದುಡ್ಡು ಅದರ ಸೊಪ್ಪು ಬೆಳೆಯುವವನ ಹತ್ತಿರ ಇರಲ್ಲ ಅನ್ನುವುದು ಅವನ ಹಳೇ ಜೋಕು.

ಬಿಡೋಕೆ ನಾನು ಎಷ್ಟು ಸಲ ಹೊರಟಿದ್ದೆ ಅಂತ ನನಗಿಂತ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು. ಅವಳ ಲೆಕ್ಕದಲ್ಲಿ ಹನ್ನೊಂದು. ಜನವರಿ ಒಂದನೇ ತಾರೀಕು, ಹುಟ್ಟಿದ ಹಬ್ಬ, ಮಗಳ ನಾಮಕರಣ, ಎಲ್ಲ ಆಗಿತ್ತು. ಕೊನೆಕೊನೆಗೆ ಅವಳು "ಬಿಟ್ಟೆ ಅಂತ ಹೇಳ್ಬೇಡಿ, ಸುಮ್ನೆ ಬಿಡಿ" ಅನ್ನುತ್ತಿದ್ದಳು.

ಆ ಹನ್ನೊಂದರಲ್ಲಿ ಒಂದೇ ಒಂದು ಸಲ ನಾನು ಗಟ್ಟಿಯಾಗಿ ನಿಂತಿದ್ದೆ. 2019ರಲ್ಲಿ ಅಯ್ಯಪ್ಪನ ಮಾಲೆ ಹಾಕಿದ್ದೆ. 41 ದಿನ ಒಂದೂ ಸೇದಲಿಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ, ಸಂಜೆ ಭಜನೆ, ಕಪ್ಪು ಪಂಚೆ. ಸೇದಬೇಕು ಅನ್ನಿಸುತ್ತಲೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ತಡೆದುಕೊಳ್ಳಬಹುದಿತ್ತು. ಬೆಟ್ಟಕ್ಕೆ ಹೋಗಿ ಬಂದು ಮಾಲೆ ತೆಗೆದ ದಿನ ಸಂಜೆ, ಹತ್ತು ನಿಮಿಷದಲ್ಲಿ ಎರಡು ಸೇದಿದೆ. ದೇವರ ಭಯ ಹೋಯಿತು, ಚಟ ಬಂತು ಅಂತ ಆಗ ಅಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ನಮ್ಮ ಸನ್ನಿಧಾನದಲ್ಲಿ ಹದಿನಾಲ್ಕು ಜನ ಸ್ವಾಮಿಗಳಿದ್ದೆವು. ಅದರಲ್ಲಿ ಒಂಬತ್ತು ಜನ ಸೇದುವವರು. ಒಂಬತ್ತು ಜನಕ್ಕೂ ಒಂದೇ ಹೊತ್ತಿಗೆ ಕೈ ಕಡಿಯುತ್ತಿತ್ತು, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಮಾಲೆ ತೆಗೆದ ದಿನ ದೇವರು ಎಲ್ಲೂ ಹೋಗಿರಲಿಲ್ಲ. ಆ ಎಂಟು ಜನ ಅವರವರ ಮನೆಗೆ ಹೋಗಿದ್ದರು.

ಇದು ನನಗೆ ಹೊಳೆಯೋಕೆ ಐದು ವರ್ಷ ಬೇಕಾಯಿತು. ಹೊಳೆಸಿದವರು ಕ್ಯಾಂಟೀನ್ ಅಕ್ಕ.

ಅಕ್ಕ ಸೇದುವವರಲ್ಲ. ಅವರದು ಕಡ್ಡಿಪುಡಿ. ಎಲೆ ಅಡಿಕೆ ಜೊತೆ ಮೂವತ್ತು ವರ್ಷದಿಂದ ಹಾಕುತ್ತಿದ್ದರು. 2024ರ ಮಾರ್ಚ್‌ನಲ್ಲಿ ಅವರ ಬೀದಿಯಲ್ಲಿ ಹಲ್ಲಿನ ಕ್ಯಾಂಪ್ ನಡೆಯಿತಂತೆ. ಕೆನ್ನೆ ಒಳಗೆ ಬಿಳೀ ಮಚ್ಚೆ ಇದೆ, ಇದು ಮುಂದೆ ಕೆಟ್ಟದ್ದಕ್ಕೆ ತಿರುಗಬಹುದು, ಹೊಗೆಸೊಪ್ಪು ಇವತ್ತೇ ನಿಲ್ಲಿಸಿ ಅಂತ ಡಾಕ್ಟರಮ್ಮ ಹೇಳಿದ್ದರು. ಮಾರನೇ ದಿನ ಅಕ್ಕ ಗೇಟಿನ ಹೊರಗಿನ ಟೀ ಅಂಗಡಿಗೆ ಬಂದರು. ನಾವು ಮೂವರು ಅಲ್ಲೇ ನಿಂತು ಊದುತ್ತಿದ್ದೆವು. ನಾನು, ಬೀಡಿ ಸೇದುವ ಸ್ಟೋರ್ಸ್ ಅಣ್ಣ, ಫೋರ್ಕ್‌ಲಿಫ್ಟ್ ಓಡಿಸುವ ಗದಗಿನ ಹುಡುಗ. ಸ್ಟೋರ್ಸಣ್ಣನಿಗೆ ಕೆಮ್ಮು ಎಷ್ಟಿತ್ತೆಂದರೆ ಒಂದು ಕೈಯಲ್ಲಿದ್ದ ಟೀ ಪೂರ್ತಿ ಚೆಲ್ಲಿಹೋಯಿತು, ಇನ್ನೊಂದು ಕೈಯಲ್ಲಿದ್ದ ಬೀಡಿ ಮಾತ್ರ ಅಲ್ಲಾಡಲಿಲ್ಲ.

ಅಕ್ಕ ಅದನ್ನು ನೋಡಿ ನಗಲಿಲ್ಲ. "ನಾನು ಬುಡಬೇಕು ಕಣ್ರಪ್ಪ. ಒಬ್ಬಳ ಕೈಲಿ ಆಗಲ್ಲ. ನೀವ್ಯಾರಾದ್ರೂ ಜೊತೆಗೆ ಬತ್ತೀರಾ?" ಅಂತ ಕೇಳಿದರು. ಜಾತ್ರೆಗೆ ಕರೆದ ಹಾಗೆ.

ಇಪ್ಪತ್ತು ವರ್ಷದಲ್ಲಿ ಬಿಡು ಬಿಡು ಅಂತ ನನಗೆ ನೂರಾರು ಜನ ಹೇಳಿದ್ದರು. ನಾನು ಬಿಡ್ತೀನಿ, ಜೊತೆಗೆ ಬಾ ಅಂತ ಯಾರೂ ಕರೆದಿರಲಿಲ್ಲ.

ಯಾವತ್ತಿಂದ ಅನ್ನುವುದಕ್ಕೆ ಒಂದು ವಾರ ಚರ್ಚೆಯಾಯಿತು. ಏಪ್ರಿಲ್ 9ಕ್ಕೆ ಯುಗಾದಿ. ಹೊಸ ವರ್ಷ, ಅವತ್ತೇ ಶುರು ಮಾಡೋಣ ಅಂದೆ. ಸ್ಟೋರ್ಸಣ್ಣ ಒಪ್ಪಲಿಲ್ಲ. ಮಾರನೇ ದಿನ ಹೊಸತೊಡಕು, ಮಟನ್ ಊಟ ಆದ ಮೇಲೆ ಬೀಡಿ ಇಲ್ಲದೆ ಇರೋದು ಮನುಷ್ಯರ ಕೈಲಿ ಆಗುವ ಕೆಲಸವಲ್ಲ ಅಂದರು. 11ಕ್ಕೆ ರಂಜಾನ್ ರಜೆ, ಯಾರೂ ಸಿಗಲ್ಲ. ಹಾಗಾಗಿ 12, ಶುಕ್ರವಾರ. ಶುಕ್ರವಾರ ಲಕ್ಷ್ಮಿ ಮನೆಯಿಂದ ಹೊರಗೆ ಹೋಗಬಾರದು, ಸಿಗರೇಟಿನ ದುಡ್ಡು ಜೇಬಲ್ಲೇ ಇರಲಿ ಅಂತ ಅಕ್ಕ ಅದಕ್ಕೊಂದು ಶಾಸ್ತ್ರ ಹೇಳಿದರು.

ಅದಕ್ಕೆ ಎರಡು ದಿನ ಮುಂಚೆ ನಾನು ಗುಟ್ಟಾಗಿ ಒಂದು ಕೆಲಸ ಮಾಡಿದೆ. ಸಿಗರೇಟ್ ಪ್ಯಾಕಿನ ಮೇಲೆ ಆ ಭಯಂಕರ ಚಿತ್ರದ ಜೊತೆ ಒಂದು ನಂಬರ್ ಇರುತ್ತದಲ್ವಾ, 1800-11-2356. 2018ರಿಂದ ನನ್ನ ಜೇಬಲ್ಲೇ ಇದ್ದ ನಂಬರ್ ಅದು. ಚಿತ್ರ ಕಾಣದ ಹಾಗೆ ಪ್ಯಾಕ್ ತಿರುಗಿಸಿ ಇಡುವುದು ಅಭ್ಯಾಸವಾಗಿ, ನಂಬರನ್ನು ಓದಿಯೇ ಇರಲಿಲ್ಲ. ತಾರಸಿಗೆ ಹೋಗಿ ಫೋನ್ ಮಾಡಿದೆ. ದುಡ್ಡಿಲ್ಲ, ಫ್ರೀ. ಕನ್ನಡದಲ್ಲೇ ಮಾತಾಡಿದರು. ನಮ್ಮ ಕಡೆಯ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನವರು ನೋಡಿಕೊಳ್ಳುತ್ತಾರೆ. ಉಪದೇಶಕ್ಕೆ ಸಿದ್ಧನಾಗಿ ನಿಂತಿದ್ದೆ. ಆ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ, "ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಾ ಸರ್?" ಎದ್ದ ಅರ್ಧ ಗಂಟೆ ಒಳಗೇ ಬೇಕು ಅನ್ನುವವರಿಗೆ ಹಿಡಿತ ಜಾಸ್ತಿ ಅಂತೆ. ನನಗೆ ಮುಕ್ಕಾಲು ಗಂಟೆ. ಪರವಾಗಿಲ್ಲ ಅಂದರು. ಪರೀಕ್ಷೆಯಲ್ಲಿ ಜಸ್ಟ್ ಪಾಸಾದಷ್ಟು ಖುಷಿಯಾಯಿತು.

ಅವರು ಹೇಳಿದ ಒಂದು ಮಾತು ನಮ್ಮ ನಾಲ್ವರ ಇಡೀ ಕಥೆಗೆ ಅಸ್ತಿವಾರ. ಸೇದಬೇಕು ಅನ್ನುವ ಚಡಪಡಿಕೆ ಬಂದಾಗ ಅದು ಸೇದುವವರೆಗೂ ಬೆಳೆಯುತ್ತಲೇ ಹೋಗುತ್ತದೆ ಅಂತ ನಮಗನ್ನಿಸುತ್ತದೆ. ಹಾಗಲ್ಲ. ಮೂರರಿಂದ ಐದು ನಿಮಿಷ ಇದ್ದು ಇಳಿದುಹೋಗುತ್ತದೆ. ಅಷ್ಟು ಹೊತ್ತು ನೀರು ಕುಡಿಯಿರಿ, ಉದ್ದಕ್ಕೆ ಉಸಿರು ತಗೊಳ್ಳಿ, ಬೇರೆ ಕೆಲಸಕ್ಕೆ ಕೈ ಹಾಕಿ, ಮುಂದಕ್ಕೆ ತಳ್ಳಿ.

ಇದನ್ನು ಕ್ಯಾಂಟೀನಿನಲ್ಲಿ ಹೇಳಿದೆ. ಗದಗಿನ ಹುಡುಗ ತಕ್ಷಣ, "ಹಂಗಾರ ನಾಕ್ ನಿಮಿಷ ಯಾರಿಗರ ಫೋನ್ ಹಚ್ಚಿದ್ರ ಆತಲ್ರಿ" ಅಂದ. ಅದೇ ನಿಯಮವಾಯಿತು. ಬೀಡಿ, ಸಿಗರೇಟು, ಕಡ್ಡಿಪುಡಿ, ಏನೇ ಇರಲಿ, ಹಚ್ಚುವ ಮುಂಚೆ ಅಥವಾ ಬಾಯಿಗೆ ಹಾಕುವ ಮುಂಚೆ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಬೇಕು. ಎತ್ತಿದವರು ಬೈಯುವಂತಿಲ್ಲ. ಸಿಗರೇಟಿನ ಮಾತೇ ಎತ್ತುವಂತಿಲ್ಲ. ಬೇರೆ ಏನಾದರೂ ನಾಲ್ಕು ನಿಮಿಷ ಮಾತಾಡಬೇಕು, ಅಷ್ಟೇ.

ಮೊದಲ ಮೂರು ದಿನದ ಬಗ್ಗೆ ಬಿಟ್ಟವರೆಲ್ಲ ಹೇಳುತ್ತಾರೆ. ನಾನು ಒಂದೇ ಹೇಳುತ್ತೇನೆ. ಎರಡನೇ ದಿನ ಶನಿವಾರ, ಒಂದು ಟ್ರೇ ತುಂಬ ಬುಷ್‌ಗಳನ್ನು ಸೈಜ್ ಔಟ್ ಅಂತ ರಿಜೆಕ್ಟ್ ಮಾಡಿ, ಆಪರೇಟರ್ ಮೇಲೆ ಎಗರಾಡಿ, ಕೆಂಪು ಪಟ್ಟಿ ಅಂಟಿಸಿ ಬಂದೆ. ಸೋಮವಾರ ಅಳೆದರೆ ಅಷ್ಟೂ ಸರಿ ಇದ್ದವು. ನಡುಗುತ್ತಿದ್ದದ್ದು ನನ್ನ ಕೈ. ಆ ಆಪರೇಟರ್ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಹದಿನೈದು ವರ್ಷದ ಸರ್ವಿಸ್‌ನಲ್ಲಿ ಯಾವ ಆಪರೇಟರಿಗೂ ಆ ಮಾತು ಹೇಳಿರಲಿಲ್ಲ.

ಮೆಡಿಕಲ್ ಶಾಪಿನಿಂದ ನಿಕೋಟಿನ್ ಗಮ್ ತಂದೆ, 2 ಮಿಲಿಗ್ರಾಮಿನದು. ಬಬಲ್ ಗಮ್ ಥರ ಕಚಕಚ ಅಗಿದೆ. ಗಂಟಲು ಉರಿ, ಮೇಲೆ ಬಿಕ್ಕಳಿಕೆ. ಇದು ಉಪಯೋಗಕ್ಕೆ ಬರಲ್ಲ ಅಂತ ಬಿಸಾಕುವುದರಲ್ಲಿದ್ದೆ. ಪ್ಯಾಕೆಟ್ ಮೇಲಿನ ಸೂಚನೆ ಓದಿ ಅಕ್ಕನಿಗೆ ಹೇಳಿದೆ. ನಿಧಾನಕ್ಕೆ ಅಗಿಯಬೇಕಂತೆ, ಖಾರ ಬಂದ ತಕ್ಷಣ ಕೆನ್ನೆ ಮತ್ತು ವಸಡಿನ ಮಧ್ಯೆ ಇಟ್ಟುಕೊಳ್ಳಬೇಕಂತೆ, ಖಾರ ಹೋದ ಮೇಲೆ ಮತ್ತೆ ಅಗಿಯಬೇಕಂತೆ. ಅಕ್ಕ ಬಿದ್ದು ಬಿದ್ದು ನಕ್ಕರು. "ಅಯ್ಯೋ, ದವಡೆಗೆ ಒತ್ತರಿಸಿ ಮಡಿಕೊಳ್ಳೋದಾ? ನಾನು ಮೂವತ್ ವರ್ಷದಿಂದ ಮಾಡ್ತಿರೋದೇ ಅದು ಕಣಪ್ಪ. ಬಾ ಇಲ್ಲಿ ಹೇಳ್ಕೊಡ್ತೀನಿ." ನನಗೆ ಗಮ್ ಹಾಕುವುದು ಹೇಳಿಕೊಟ್ಟವರು ಡಾಕ್ಟರಲ್ಲ, ಕಡ್ಡಿಪುಡಿ ಬಿಡುತ್ತಿದ್ದ ಅಕ್ಕ. ಇನ್ನೊಂದು ವಿಷಯ, ಗಮ್ ಹಾಕುವ ಹದಿನೈದು ನಿಮಿಷ ಮುಂಚಿನಿಂದ ಟೀ, ಕಾಫಿ ಕುಡಿಯಬಾರದು. ಕುಡಿದರೆ ಬಾಯಲ್ಲಿ ಹುಳಿ ಅಂಶ ಹೆಚ್ಚಾಗಿ ಔಷಧ ಸರಿಯಾಗಿ ಮೈಗೆ ಹಿಡಿಯಲ್ಲ. ಟೀ ಜೊತೆಗೇ ಗಮ್ ಹಾಕಿ, ಏನೂ ಆಗಲಿಲ್ಲ ಅಂತ ಬೈಯುವವರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ.

ಯಾರೂ ಬರೆಯದ ಇನ್ನೊಂದು ಕಷ್ಟವನ್ನೂ ಹೇಳಿಬಿಡುತ್ತೇನೆ. ಬೆಳಗಿನ ಸಿಗರೇಟಿಗೂ ಟಾಯ್ಲೆಟ್‌ಗೂ ಇರುವ ನಂಟು ಸೇದುವವರಿಗೆಲ್ಲ ಗೊತ್ತು. ನಿಕೋಟಿನ್ ನಿಂತರೆ ಕರುಳೂ ಮುಷ್ಕರ ಹೂಡುತ್ತದೆ. ಐದು ದಿನ ನನ್ನ ಸ್ಥಿತಿ ಹೇಳತೀರದು. ರಾತ್ರಿ ಹತ್ತಕ್ಕೆ ನಾಚಿಕೆ ಬಿಟ್ಟು ಸ್ಟೋರ್ಸಣ್ಣನಿಗೆ ಫೋನ್ ಮಾಡಿದೆ. ಅವರದೂ ಅದೇ ಕಥೆ! ಇಬ್ಬರೂ ಸೇರಿ ಪರಂಗಿ ಹಣ್ಣು, ಬಿಸಿನೀರು, ಬಾಳೆಹಣ್ಣು ಅಂತ ಅರ್ಧ ಗಂಟೆ ಗಂಭೀರವಾಗಿ ಚರ್ಚೆ ಮಾಡಿದೆವು. ಫೋನ್ ಇಟ್ಟ ಮೇಲೆ ಹೆಂಡತಿ, "ಯಾರ ಹತ್ರ ರೀ ಅಷ್ಟೊತ್ತು ಹಣ್ಣಿನ ವ್ಯಾಪಾರ?" ಅಂದಳು.

ಕೆಮ್ಮು ಕಡಿಮೆಯಾಗುವ ಬದಲು ಎರಡು ವಾರ ಜಾಸ್ತಿಯಾಯಿತು. ಶ್ವಾಸನಾಳದೊಳಗೆ ಕಸ ಗುಡಿಸುವ ಸಣ್ಣ ರೋಮಗಳು ಹೊಗೆ ನಿಂತ ಮೇಲೆ ಮತ್ತೆ ಕೆಲಸ ಶುರು ಮಾಡುತ್ತವೆ, ಅದಕ್ಕೆ ಹಾಗೆ. ತೂಕ ಐದು ಕೆಜಿ ಏರಿತು. ಮೂಗು ವಾಪಸ್ ಬಂತು. ಅದು ಮೊದಲು ಹಿಡಿದದ್ದು ಮಲ್ಲಿಗೆಯನ್ನಲ್ಲ, ಲಾಕರಿನಲ್ಲಿದ್ದ ನನ್ನದೇ ಜರ್ಕಿನ್ನನ್ನು. ಇದನ್ನು ಹಾಕಿಕೊಂಡು ನಾನು ಬಸ್ಸಿನಲ್ಲಿ ಜನರ ಪಕ್ಕ ಕೂರುತ್ತಿದ್ದೆನಲ್ಲ ಅಂತ ಅವತ್ತು ನಿಜಕ್ಕೂ ನಾಚಿಕೆಯಾಯಿತು.

ಫೋನುಗಳ ವಿಷಯಕ್ಕೆ ಬರುತ್ತೇನೆ, ನನಗೆ ಬರೆಯಬೇಕು ಅನ್ನಿಸಿದ್ದೇ ಅದು. ಮೊದಲ ತಿಂಗಳು ನಾನು ಮಾಡಿದ ಕರೆಗಳೇ ಎಂಬತ್ತೋ ತೊಂಬತ್ತೋ ಇರಬೇಕು. ಒಂದೊಂದರಲ್ಲೂ ಏನು ಮಾತಾಡಿದೆವು ಅಂತ ಕೇಳಿದರೆ ನಗು ಬರುತ್ತದೆ. ಸ್ಟೋರ್ಸಣ್ಣನಿಗೆ ಹರಟೆ ಹೊಡೆಯಲು ಬರುವುದಿಲ್ಲ. ಫೋನ್ ಎತ್ತಿದ ತಕ್ಷಣ ಸ್ಟಾಕ್ ಹೇಳುತ್ತಿದ್ದರು. "ಎಂ-8 ಬೋಲ್ಟ್ ಎರಡು ಸಾವಿರದ ನಾನ್ನೂರು. ಓ-ರಿಂಗ್ ಬಂದಿಲ್ಲ. ಗ್ಲೌಸು ಮುನ್ನೂರು ಜೊತೆ, ಅದ್ರಲ್ಲಿ ನಲವತ್ತು ಎಡಗೈದೇ." ನಾನು ಹೂಂ ಹೂಂ ಅನ್ನುತ್ತ ಕೇಳುತ್ತಿದ್ದೆ. ವಾಷರ್ ಮುಟ್ಟುವ ಹೊತ್ತಿಗೆ ಚಡಪಡಿಕೆ ಇಳಿದಿರುತ್ತಿತ್ತು.

ಗದಗಿನ ಹುಡುಗ ರಾತ್ರಿ ಹನ್ನೊಂದರ ಮೇಲೇ ಮಾಡುತ್ತಿದ್ದ. ರೂಮಿನಲ್ಲಿ ಜೊತೆಗಿದ್ದ ಮೂವರೂ ಸೇದುವವರು, ಪಾಪ. "ಅಣ್ಣಾರ, ಮಲಗಿದ್ರೇನು? ಕೈ ಕಡ್ಯಾಕತ್ತಾವ್ರಿ. ಏನರ ಮಾತಾಡ್ರಿ." ಒಂದು ದಿನ ಮುದ್ದೆ ದೊಡ್ಡದೋ ರೊಟ್ಟಿ ದೊಡ್ಡದೋ ಅಂತ ಶುರುವಾಯಿತು. ಮುದ್ದೆಯನ್ನು ಅಗಿಯದೆ ನುಂಗುವ ನಾವು ಮನುಷ್ಯರೇ ಅಲ್ಲ ಅಂತ ಅವನ ವಾದ. ತಣ್ಣಗಾದ ರೊಟ್ಟಿ ಅಗಿಯುವುದಕ್ಕೆ ಬೇರೆ ದವಡೆ ಬೇಕು ಅಂತ ನನ್ನದು. ಹನ್ನೆರಡಾಯಿತು. ಅವನು ಮಲಗಿದ. ನಾನು ಎದ್ದು ಕೂತಿದ್ದೆ, ಹಸಿವಾಗಿ.

ಅಕ್ಕ ಯಾರಿಗೂ ಫೋನ್ ಮಾಡುತ್ತಿರಲಿಲ್ಲ. ಅವರ ಫೋನಿನಲ್ಲಿ ಕರೆನ್ಸಿ ಇರುತ್ತಿದ್ದದ್ದೇ ಕಡಿಮೆ. ಮಿಸ್ಡ್ ಕಾಲ್ ಕೊಡುತ್ತಿದ್ದರು, ನಾವು ಮಾಡಬೇಕು. ಕಡ್ಡಿಪುಡಿ ಬಿಟ್ಟರೂ ಸುಣ್ಣದ ಡಬ್ಬಿ ಮಾತ್ರ ಸೊಂಟದಿಂದ ಇಳಿಸಲಿಲ್ಲ. ಆ ಸುಣ್ಣವೇ ಗೋಡೆಗೆ ಬಂತು. ದಿನಾ ಬೆಳಗ್ಗೆ ತಿಂಡಿ ಹೊತ್ತಿಗೆ ನಮ್ಮ ಮುಖ ನೋಡಿ ಚುಕ್ಕೆ ಇಡುತ್ತಿದ್ದರು. ಕೇಳುತ್ತಿರಲಿಲ್ಲ. ನೋಡಿದರೆ ಗೊತ್ತಾಗುತ್ತದೆ ಅನ್ನುತ್ತಿದ್ದರು.

ಸ್ಟೋರ್ಸಣ್ಣ 23ನೇ ದಿನ ಬಿದ್ದರು. ನಮಗೆ ಹೇಳಲಿಲ್ಲ. ಸ್ಕ್ರಾಪ್ ಯಾರ್ಡ್ ಹಿಂದೆ ಸೇದಿ, ಸೋಂಪು ಅಗಿದು ಬರುತ್ತಿದ್ದರು. ನನಗೆ ವಾಸನೆ ಸಿಕ್ಕಿತ್ತು, ಸುಮ್ಮನಿದ್ದೆ. ಅಕ್ಕನೂ ಸುಮ್ಮನೆ ಚುಕ್ಕೆ ಇಡುತ್ತಾ ಹೋದರು. ಆರನೇ ದಿನ ಅಣ್ಣನೇ ತಟ್ಟೆ ಹಿಡಿದು ಗೋಡೆ ಹತ್ತಿರ ಹೋಗಿ, "ಅಕ್ಕಾ, ನಂದು ಅಳಿಸಿಬುಡು" ಅಂದರು. ಅಕ್ಕ ಸೆರಗಿನಲ್ಲಿ ಐದು ಚುಕ್ಕೆ ಒರೆಸಿದರು. "ಇಪ್ಪತ್ತೆರಡು ಇವೆಯಲ್ಲ, ಅವೆಲ್ಲೂ ಹೋಗಲ್ಲ" ಅಂದರು. ಉಪ್ಪಿಟ್ಟು ಬಡಿಸಿದರು.

ಆ ಮೇ 31ಕ್ಕೆ ವಿಶ್ವ ತಂಬಾಕು ರಹಿತ ದಿನ. ಕಾನ್ಫರೆನ್ಸ್ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಸ್ಲೈಡ್ ತೋರಿಸಿದರು. ಕಪ್ಪು ಶ್ವಾಸಕೋಶ, ಬಾಯಿ ಕ್ಯಾನ್ಸರು. ಮಾತಾಡಿದವರು ಜೀವನದಲ್ಲಿ ಒಂದೂ ಸೇದಿದವರಲ್ಲ, ಅದನ್ನು ಹೆಮ್ಮೆಯಿಂದ ಹೇಳಿಕೊಂಡರು ಕೂಡ. ಮನಸ್ಸು ಗಟ್ಟಿ ಇದ್ದರೆ ಒಂದೇ ದಿನದಲ್ಲಿ ಬಿಡಬಹುದು ಅಂದರು. ಪಕ್ಕದಲ್ಲಿ ಸ್ಟೋರ್ಸಣ್ಣ ತಲೆ ತಗ್ಗಿಸಿ ಕೂತಿದ್ದರು. ಮೂವತ್ತು ವರ್ಷ ಸ್ಟೋರ್ಸಿನಲ್ಲಿ ಒಂದು ನಟ್ಟಿನ ಲೆಕ್ಕ ತಪ್ಪಿಸದ ಮನುಷ್ಯ. ಅವರ ಮನಸ್ಸು ಗಟ್ಟಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಿಕೋಟಿನ್ ಒಂದು ದಮ್ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ದಿನಕ್ಕೆ ಇಪ್ಪತ್ತು ಬೀಡಿ, ಒಂದಕ್ಕೆ ಹತ್ತು ದಮ್, ಮೂವತ್ತು ವರ್ಷ. ಅಷ್ಟು ಸಲ ಮಿದುಳಿಗೆ ಒಂದೇ ಪಾಠ ಹೇಳಿಕೊಟ್ಟ ಮೇಲೆ ಅದು ಒಂದು ಸ್ಲೈಡ್ ನೋಡಿ ಮರೆಯುತ್ತಾ? ಪ್ರತಿಜ್ಞೆ ಮಾಡಿಸಿದರು, ಸಮೋಸ ಕೊಟ್ಟರು. ಹೊರಗೆ ಬಂದವರಲ್ಲಿ ಅರ್ಧ ಜನ ಸೀದಾ ಟೀ ಅಂಗಡಿಗೆ ಹೋದರು. ನಮ್ಮ ಗೋಡೆ ಮೇಲೆ ಅವತ್ತು ನನ್ನ 50ನೇ ಚುಕ್ಕೆ.

ಈಗ ನನ್ನ ಸರದಿ.

ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬಕ್ಕೆ ಊರಿಗೆ ಹೋದೆ. ಬ್ಯಾರನ್ ಉರಿಯುತ್ತಿತ್ತು. ನೋಡದವರಿಗೆ ಹೇಳುತ್ತೇನೆ. ಬ್ಯಾರನ್ ಅಂದರೆ ಕಿಟಕಿ ಇಲ್ಲದ ಎರಡಂತಸ್ತಿನಷ್ಟು ಎತ್ತರದ ಮನೆ. ಒಳಗೆ ಕಡ್ಡಿಗಳಿಗೆ ಸೊಪ್ಪು ಪೋಣಿಸಿ ಅಟ್ಟಅಟ್ಟವಾಗಿ ನೇತು ಹಾಕುತ್ತಾರೆ. ಒಲೆಯ ಬಾಯಿ ಹೊರಗೆ. ಕಾವು ಕೊಳವೆಗಳಲ್ಲಿ ಒಳಗೆ ಸುತ್ತುತ್ತದೆ, ಹೊಗೆ ಸೊಪ್ಪಿಗೆ ತಾಗಬಾರದು. ಐದಾರು ದಿನ ಹಗಲೂ ರಾತ್ರಿ ಕಾವು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗಬೇಕು. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ದಂಟು. ಒಂದು ರಾತ್ರಿ ನಿದ್ದೆ ಹೋದರೆ ಬಣ್ಣ ಕೆಟ್ಟು ಇಡೀ ಬ್ಯಾರನ್ ಸೊಪ್ಪಿನ ರೇಟು ಬಿದ್ದು ಹೋಗುತ್ತದೆ. ಅಪ್ಪನಿಗೆ ಈಗ ಎಪ್ಪತ್ತು. ಶನಿವಾರ ರಾತ್ರಿ ನಾನು ಕಾಯುತ್ತೇನೆ ಅಂದೆ. ಅವನೂ ಬಂದು ಪಕ್ಕದಲ್ಲಿ ಕೂತ.

ರಾತ್ರಿ ಎರಡು ಗಂಟೆ. ಸಣ್ಣ ಮಳೆ. ಒಲೆ ಬಾಯಿಂದ ಕೆಂಪು ಬೆಳಕು. ಬಾಗಿಲ ಸಂದಿಯಿಂದ ಬೇಯುವ ಸೊಪ್ಪಿನ ಸಿಹಿ ವಾಸನೆ, ಜೇನು ಮತ್ತು ಹುಲ್ಲು ಸೇರಿಸಿ ಕಾಯಿಸಿದ ಹಾಗೆ. ನನ್ನ ಬಾಲ್ಯದ ವಾಸನೆ ಅದು. ಅಪ್ಪ ಒಲೆಯಿಂದ ಒಂದು ಕೊಳ್ಳಿ ಎಳೆದು ಬೀಡಿ ಹಚ್ಚಿದ.

"ನೀ ಬುಟ್ಟಿದ್ದೀಯಂತೆ?"

"ಹೂಂ ಕಣಪ್ಪ. ನಾಲ್ಕು ತಿಂಗಳಾಯ್ತು."

"ನೀವೆಲ್ಲ ಬುಟ್ರೆ ನಮ್ಮ ಸೊಪ್ಪ ಯಾರ್ಲಾ ಕೊಂಡ್ಕೊಳೋರು?" ಅಂತ ನಕ್ಕ. ತಮಾಷೆಗೆ ಅಂದದ್ದು. ಪೂರ್ತಿ ತಮಾಷೆ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವನು ನಿದ್ದೆ ಹೋದ ಮೇಲೆ ಬೀಡಿ ಕಟ್ಟು ಅಲ್ಲೇ ಇತ್ತು. ಫೋನ್ ಜೇಬಿನಲ್ಲಿತ್ತು. ಎರಡು ಗಂಟೆ ರಾತ್ರಿಯಲ್ಲಿ ಯಾರನ್ನು ಎಬ್ಬಿಸಲಿ ಅಂತ ನೆಪ ಹೇಳಿಕೊಂಡೆ. ಕೊಳ್ಳಿಗೆ ಬೀಡಿ ಹಿಡಿದೆ. 128ನೇ ದಿನ.

ಒಂದು ಮುಗಿಯಿತು. ತಲೆ ಗಿರ್ರೆಂದಿತು, ಒದ್ದೆ ಸೊಪ್ಪು ಮುರಿದ ಹುಡುಗನ ತಲೆ ತಿರುಗಿದ ಹಾಗೇ. ಎರಡನೇದು ಅರ್ಧಕ್ಕೆ ಬಂದಾಗ ಅಕ್ಕನಿಗೆ ಮಿಸ್ಡ್ ಕಾಲ್ ಕೊಟ್ಟೆ. ಯಾಕೆ ಪೂರ್ತಿ ಕಾಲ್ ಮಾಡಲಿಲ್ಲವೋ ಗೊತ್ತಿಲ್ಲ. ಎತ್ತದಿರಲಿ ಅಂತಲೇ ಇರಬೇಕು. ಅರ್ಧ ನಿಮಿಷದಲ್ಲಿ ಅವರ ಕರೆನ್ಸಿಯಲ್ಲೇ ವಾಪಸ್ ಮಾಡಿದರು.

"ಎಷ್ಟು?" ಅಂದರು. ಏನಾಯ್ತು ಅಂತ ಕೂಡ ಕೇಳಲಿಲ್ಲ.

"ಒಂದೂವರೆ."

"ಮಿಕ್ಕಿದ ಅರ್ಧ ಎಲ್ಲಿ?"

"ಕೈಲಿದೆ."

"ಒಲೆಗಾಕು. ಹಾಕ್ದಾ? ಹೂಂ. ಈಗ ಹೇಳು, ಸೊಪ್ಪು ಹಳದಿ ತಿರುಗ್ತಾ? ನಮ್ಮತ್ತೆ ಮನೇಲೂ ಬ್ಯಾರನ್ ಇತ್ತು."

ನಿಯಮದ ಪ್ರಕಾರ ನಾಲ್ಕು ನಿಮಿಷ ಸಾಕಿತ್ತು. ಅಕ್ಕ ಇಪ್ಪತ್ತು ನಿಮಿಷ ಮಾತಾಡಿದರು. ಕಾವು ಎಷ್ಟಕ್ಕೆ ನಿಲ್ಲಿಸಬೇಕು, ಸೌದೆ ರೇಟು ಏನು, ಮದುವೆಯಾದ ಹೊಸದರಲ್ಲಿ ಅವರು ಬ್ಯಾರನ್ ಕಾಯುತ್ತಾ ನಿದ್ದೆ ಬರದಿರಲಿ ಅಂತ ಅತ್ತೆಯಿಂದ ಕಡ್ಡಿಪುಡಿ ಕಲಿತದ್ದು. ಅದು ನನಗೆ ಅವತ್ತೇ ಗೊತ್ತಾದದ್ದು. ನಾನು ಕಾದ ಅಂಥದ್ದೇ ಒಲೆ ಮುಂದೆ ಅಕ್ಕ ಚಟ ಹಿಡಿದಿದ್ದರು.

ಸೋಮವಾರ ನನ್ನ ಸಾಲಿನಲ್ಲಿ ಒಂದು ಜಾಗ ಖಾಲಿ ಬಿಟ್ಟು ಮುಂದಿನ ಚುಕ್ಕೆ ಇಟ್ಟರು. ಮೊದಲಿಂದ ಎಣಿಸೋಣ ಅಂದೆ. ಒಪ್ಪಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಾನು ಸೇದಿಲ್ಲ. ಅಕ್ಕನ ಮಚ್ಚೆ ತಿಳಿಯಾಗಿದೆ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾರೆ. ಗದಗಿನ ಹುಡುಗ ರೂಮ್ ಬದಲಾಯಿಸಿದ, ಅದೇ ಅವನಿಗೆ ಎಲ್ಲಕ್ಕಿಂತ ಸಹಾಯವಾಯಿತು ಅನ್ನುತ್ತಾನೆ. 2025ರಲ್ಲಿ ನಮ್ಮ ರಾಜ್ಯದ ಹೊಸ ಕಾಯ್ದೆ ಬಂದು, ಎಲ್ಲೆಂದರಲ್ಲಿ ಸೇದಿದರೆ 200 ಇದ್ದ ದಂಡ 1000 ಆಯಿತು, 21 ತುಂಬದವರಿಗೆ ಮಾರುವಂತಿಲ್ಲ ಅಂತಾಯಿತು. ಟೀ ಅಂಗಡಿಯಲ್ಲಿ ಒಂದು ವಾರ ಸಿಗರೇಟಿನ ಡಬ್ಬ ಒಳಗೆ ಹೋಗಿತ್ತು, ಮತ್ತೆ ಹೊರಗೆ ಬಂತು. ಬಿಡಿಬಿಡಿಯಾಗಿ ಮಾರಬಾರದು ಅಂತ 2017ರಲ್ಲೇ ಆದೇಶವಾದಾಗಲೂ ಇದೇ ಆಗಿದ್ದು. ನಾನೀಗ ಅಲ್ಲಿ ಟೀ ಕುಡಿಯುತ್ತೇನೆ, ಹೊಗೆ ಬರುವ ಕಡೆಗೆ ಬೆನ್ನು ಹಾಕಿ.

ಸ್ಟೋರ್ಸಣ್ಣ ಐದು ಸಲ ಬಿದ್ದು ಆರನೇ ಸಲ ನಡೆಸುತ್ತಿದ್ದಾರೆ. ಅವರ ಸಾಲು ಹಲ್ಲು ಬಿದ್ದ ಬಾಯಿಯ ಹಾಗೆ, ಅಲ್ಲೊಂದು ಇಲ್ಲೊಂದು ಸಂದಿ. ಗೋಡೆ ನೋಡಿದಾಗೆಲ್ಲ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಆದರೆ ಇಪ್ಪತ್ತು ಬೀಡಿ ಸೇದುತ್ತಿದ್ದವರು, ಬಿದ್ದ ದಿನವೂ ಮೂರನೇ ಬೀಡಿಗೇ ಫೋನ್ ಮಾಡುತ್ತಾರೆ. ಎಂ-8 ಬೋಲ್ಟಿನ ಲೆಕ್ಕ ಈಗ ನಾನೇ ಅವರಿಗೆ ಹೇಳುತ್ತೇನೆ.

ಹೋದ ತಿಂಗಳು ಫ್ಯಾಕ್ಟರಿಗೆ ಆಡಿಟ್ ಇತ್ತು. ಭಾನುವಾರ ಪೇಂಟರುಗಳನ್ನು ಕರೆಸಿ ಕ್ಯಾಂಟೀನಿಗೆಲ್ಲ ತಿಳಿ ಹಸಿರು ಬಣ್ಣ ಹೊಡೆಸಿಬಿಟ್ಟರು. ಸೋಮವಾರ ಬೆಳಗ್ಗೆ ನಾವು ಹೋಗಿ ನೋಡಿದರೆ ಸಿಲಿಂಡರ್ ಮೂಲೆ ಫಳಫಳ. ಗೀಟು, ಚುಕ್ಕೆ, ನನ್ನ ಆ ಖಾಲಿ ಜಾಗ, ಒಂದೂ ಇಲ್ಲ. ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಪೇಂಟರಿಗೆ ಮನಸಾರೆ ಬೈದರು. ಹುಡುಗ ಮೊಬೈಲಿನಲ್ಲಿ ಹಳೇ ಫೋಟೋ ಇದೆಯಾ ಅಂತ ಹುಡುಕುತ್ತಿದ್ದ. ಸ್ಟೋರ್ಸಣ್ಣ ಮಾತ್ರ ಗೋಡೆ ಮುಂದೆ ನಿಂತು ನಗುತ್ತಿದ್ದರು. "ಬುಡ್ರಪ್ಪ, ಚೆನ್ನಾಗೇ ಆಯ್ತು. ಈಗ ನಾಕು ಜನಾನೂ ಸಮ."

ಅಕ್ಕ ಡಬ್ಬಿ ತೆಗೆದು ಬೆರಳಿಗೆ ಸುಣ್ಣ ಹಚ್ಚಿಕೊಂಡರು. ಒಂದೊಂದು ಸಾಲಿಗೆ ಒಂದೊಂದರಂತೆ ನಾಲ್ಕು ಚುಕ್ಕೆ ಇಟ್ಟರು. ಪೇಂಟ್ ಇನ್ನೂ ಪೂರ್ತಿ ಒಣಗಿರಲಿಲ್ಲ. ತಿಂಡಿ ತಿಂದು ತಟ್ಟೆ ಇಡೋಕೆ ಹೋದಾಗ ನೋಡಿದೆ, ನನ್ನದು ಒಸಿ ಕೆಳಕ್ಕೆ ಜಾರಿತ್ತು.